ಬಂದಾಗ ಬೆಳೆದ ಬಲೆ, ಹೋದಾಗ ಕುಗ್ಗಲಿಲ್ಲ: ಕೇರಳ ಕಡಲಿನ ಬೂತಾಯಿ ಕುಸಿತ, ಒಂದು ಪ್ರಕರಣ ಅಧ್ಯಯನ

2012ರಲ್ಲಿ ಕೇರಳದ ದಕ್ಕೆಗಳಿಗೆ, ಅಂದರೆ ಮೀನು ಇಳಿಸುವ ಕಟ್ಟೆಗಳಿಗೆ, ಬಂದ ಬೂತಾಯಿ 3.99 ಲಕ್ಷ ಟನ್. 2021ರಲ್ಲಿ ಬಂದದ್ದು 3,297 ಟನ್. ಒಂಬತ್ತು ವರ್ಷದಲ್ಲಿ ನೂರು ಬುಟ್ಟಿಯಿದ್ದ ಕಡೆ ಒಂದು ಬುಟ್ಟಿಯೂ ಉಳಿಯಲಿಲ್ಲ. ಮಂಗಳೂರು, ಉಡುಪಿಯಲ್ಲಿ ಬೂತಾಯಿ, ಕುಂದಾಪುರದ ಕಡೆ ಬೈಗೆ, ಕಾರವಾರದಲ್ಲಿ ತಾರ್ಲೆ, ಕೇರಳದಲ್ಲಿ ಮತ್ತಿ ಅಥವಾ ಚಾಳ ಎನ್ನುವ ಈ ಮೀನು ಬಡವರ ಊಟದ ಮೀನು. ಬಂಗುಡೆಗೂ ಅಂಜಲಿಗೂ ದುಡ್ಡಿಲ್ಲದ ಮನೆಗೆ ಬರುವ ಮೀನು. ಆದ್ದರಿಂದ ಈ ಕುಸಿತದ ಪೆಟ್ಟು ದೋಣಿಯವರ ಜೊತೆಗೆ ತಟ್ಟೆಗೂ ಬಿತ್ತು. ಆ ವರ್ಷಗಳಲ್ಲಿ ಒಮಾನ್‌ನಿಂದ ಹೆಪ್ಪುಗಟ್ಟಿಸಿದ ಬೂತಾಯಿ ಕೇರಳದ ಮಾರುಕಟ್ಟೆಗೆ ಬಂದು ಕುಳಿತಿತು.

ಕಡಲಿನಲ್ಲಿ ಮೀನು ಹೆಚ್ಚುಕಡಿಮೆ ಆಗುವುದು ಹೊಸತಲ್ಲ. ಈ ಪ್ರಕರಣದಲ್ಲಿ ನೋಡಬೇಕಾದದ್ದು ಬೇರೆ. ಮೀನು ಹೆಚ್ಚಿದಾಗ ದೋಣಿ, ಬಲೆ, ಎಂಜಿನ್, ಸಾಲ ಎಲ್ಲವೂ ಹೆಚ್ಚಿದವು. ಮೀನು ಇಳಿದಾಗ ಅವುಗಳಲ್ಲಿ ಒಂದೂ ಇಳಿಯಲಿಲ್ಲ. ನಷ್ಟ ಹುಟ್ಟಿದ್ದು ಈ ಅಂತರದಲ್ಲಿ.

ವರ್ಷವಾರು ಲೆಕ್ಕ

ಕೊಚ್ಚಿಯ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ಅಂದರೆ ಸಿಎಂಎಫ್‌ಆರ್‌ಐ, ದಡಕ್ಕೆ ಬಂದ ಮೀನಿನ ಅಂದಾಜನ್ನು ವರ್ಷವರ್ಷವೂ ಕೊಡುತ್ತದೆ. ಕೇರಳದಲ್ಲಿ 2013ರಲ್ಲಿ 2.46 ಲಕ್ಷ ಟನ್, 2014ರಲ್ಲಿ 1.55 ಲಕ್ಷ, 2015ರಲ್ಲಿ 68 ಸಾವಿರ, 2016ರಲ್ಲಿ 46 ಸಾವಿರ. 2017ರಲ್ಲಿ 1.27 ಲಕ್ಷಕ್ಕೆ ಏರಿತು, ಎಲ್ಲರೂ ನೆಮ್ಮದಿಯ ಉಸಿರುಬಿಟ್ಟರು. ಮುಂದಿನ ವರ್ಷ 77 ಸಾವಿರ, 2019ರಲ್ಲಿ 44 ಸಾವಿರ, 2020ರಲ್ಲಿ 13 ಸಾವಿರ. ಕೊನೆಗೆ 3,297.

ಅದೇ ಸಂಸ್ಥೆಯ ಲೆಕ್ಕದಂತೆ ಬೂತಾಯಿಯಿಂದ ಬಂದ ಹಣ 2014ರಲ್ಲಿ 608 ಕೋಟಿ ರೂಪಾಯಿ, 2021ರಲ್ಲಿ 30 ಕೋಟಿ. ಈ ಎರಡು ಅಂಕಿಗಳನ್ನು ಟನ್ನಿನಿಂದ ಭಾಗಿಸಿದರೆ 2014ರಲ್ಲಿ ಕಿಲೋಗೆ ಸುಮಾರು 39 ರೂಪಾಯಿ, 2021ರಲ್ಲಿ ಸುಮಾರು 91 ರೂಪಾಯಿ ಬರುತ್ತದೆ. ಮೀನು 47 ಪಟ್ಟು ಕಡಿಮೆಯಾದರೂ ಬೆಲೆ ಏರಿದ್ದು 2.3 ಪಟ್ಟು ಮಾತ್ರ. 'ಮೀನು ಕಡಿಮೆಯಾದರೇನು, ರೇಟು ಸಿಗುತ್ತದಲ್ಲ' ಎಂಬ ದಕ್ಕೆಯ ಮಾತಿಗೆ ಈ ಲೆಕ್ಕದಲ್ಲಿ ಆಧಾರವಿಲ್ಲ. ಬೂತಾಯಿ ಇಲ್ಲದಾಗ ಜನ ಬೇರೆ ಮೀನು ಕೊಳ್ಳುತ್ತಾರೆ, ಒಮಾನ್‌ನ ಮೀನು ಬರುತ್ತದೆ, ಕೋಳಿ ಇದೆ.

ದುಡಿಯುವವರ ಲೆಕ್ಕ ಇನ್ನೂ ಕಠೋರ. ಬೂತಾಯಿಯನ್ನೇ ನಂಬಿದ ಸಣ್ಣ ಮೀನುಗಾರರು ವರ್ಷಕ್ಕೆ 237 ದಿನ ಕಡಲಿಗೆ ಹೋಗುತ್ತಿದ್ದವರು 140 ದಿನಕ್ಕೆ ಇಳಿದರು. ವರ್ಷದ ಆದಾಯ 3.35 ಲಕ್ಷದಿಂದ 90,262 ರೂಪಾಯಿಗೆ ಬಿತ್ತು. ದಿನಕ್ಕೆ ಹಂಚಿ ನೋಡಿದರೆ 1,413 ರೂಪಾಯಿ ಇದ್ದದ್ದು 645 ಆಯಿತು. ಹೋದ ದಿನಗಳೂ ಕಡಿಮೆ, ಹೋದ ದಿನದ ಗಳಿಕೆಯೂ ಅರ್ಧಕ್ಕಿಂತ ಕಡಿಮೆ.

ಮೀನಿನ ಸ್ವಭಾವ

ಬೂತಾಯಿಯ ಆಯಸ್ಸು ಎರಡೂವರೆ ವರ್ಷದ ಆಸುಪಾಸು. ಹುಟ್ಟಿದ ಒಂದು ವರ್ಷದೊಳಗೆ, ಸುಮಾರು 15 ಸೆಂಟಿಮೀಟರ್ ಉದ್ದವಾದಾಗ ಮೊಟ್ಟೆಗೆ ಬರುತ್ತದೆ. ಮೊಟ್ಟೆಯ ಕಾಲ ಮಳೆಗಾಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ನೈಋತ್ಯ ಮುಂಗಾರಿನ ಗಾಳಿಗೆ ಕರಾವಳಿಯಲ್ಲಿ ತಳದ ತಣ್ಣೀರು ಮೇಲೇಳುತ್ತದೆ, ಅದರ ಜೊತೆ ಪೋಷಕಾಂಶ ಬರುತ್ತದೆ, ಸೂಕ್ಷ್ಮ ಪಾಚಿ ಹುಲುಸಾಗಿ ಬೆಳೆಯುತ್ತದೆ. ಬೂತಾಯಿ ಮರಿಗಳು ಬದುಕುವುದು ಆ ಪಾಚಿಯ ಮೇಲೆ. ಮಳೆ, ಗಾಳಿ, ತಣ್ಣೀರು, ಪಾಚಿ ಒಂದರ ಹಿಂದೆ ಒಂದು ಸಮಯಕ್ಕೆ ಸರಿಯಾಗಿ ಬಂದ ವರ್ಷ ಮರಿ ಕೋಟಿಗಟ್ಟಲೆ ಉಳಿಯುತ್ತದೆ. ಒಂದು ಕೊಂಡಿ ತಪ್ಪಿದರೂ ಮರಿ ಹಸಿವಿನಿಂದ ಸಾಯುತ್ತದೆ.

ಆಯಸ್ಸು ಕಡಿಮೆ ಇರುವುದರಿಂದ ಈ ಮೀನಿಗೆ ದಾಸ್ತಾನು ಇಲ್ಲ. ಹತ್ತು ಹನ್ನೆರಡು ವರ್ಷ ಬದುಕುವ ಮೀನಿನಲ್ಲಿ ಒಂದೆರಡು ವರ್ಷದ ಮರಿ ಕೈಕೊಟ್ಟರೂ ಹಳೆಯ ಮೀನು ವಂಶ ನಡೆಸುತ್ತದೆ. ಬೂತಾಯಿಯಲ್ಲಿ ಎರಡು ವರ್ಷ ಮರಿ ಕೈಕೊಟ್ಟರೆ ಮೊಟ್ಟೆ ಇಡುವ ಮೀನೇ ಉಳಿಯುವುದಿಲ್ಲ.

1940ರ ದಶಕದಲ್ಲೂ ಬೂತಾಯಿ ಕಾಣೆಯಾಗಿತ್ತು. ಮಲಬಾರ್ ಮತ್ತು ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. ಬೂತಾಯಿ ಎಣ್ಣೆ ತೆಗೆಯುವ ಉದ್ಯಮ ಕರಾವಳಿಯಲ್ಲಿ ಬೆಳೆದಿತ್ತು, ಹಿಂಡಿದ ಮೀನು ತೋಟಗಳಿಗೆ ಗೊಬ್ಬರವಾಗಿ ಹೋಗುತ್ತಿತ್ತು. ಮೀನು ಇಳಿದಾಗ 1943ರಲ್ಲಿ ಪ್ರಾಂತ್ಯದ ಸರ್ಕಾರ ಕೆಲವು ಬಲೆಗಳಿಗೆ, ಸಣ್ಣ ಮೀನಿಗೆ ಕಟ್ಟುಪಾಡು ಹಾಕಿತು, ಕೆಲವು ವರ್ಷಗಳಲ್ಲೇ ಹಿಂತೆಗೆಯಿತು. 1994ರಲ್ಲಿ ಕೇರಳದಲ್ಲಿ ಮತ್ತೆ ನೆಲಕಚ್ಚಿತು. ಇಂದಿನ ದೈತ್ಯ ಬಲೆಗಳಿಲ್ಲದ ಕಾಲದಲ್ಲೂ ಕುಸಿತ ಆಗಿದೆ ಎಂದರೆ ಪ್ರಕೃತಿಯೊಂದೇ ಈ ಮೀನನ್ನು ಬೀಳಿಸಬಲ್ಲದು. ಆದ್ದರಿಂದ 2012ರ ನಂತರದ್ದಕ್ಕೆಲ್ಲ ಬಲೆಯೇ ಕಾರಣ ಎಂದು ಹೇಳುವುದು ಸರಿಯಲ್ಲ. 2015–16ರ ಎಲ್ ನಿನೊ, ಅಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ಹವೆ ಏರುಪೇರಾಗುವ ಸ್ಥಿತಿ, ದೊಡ್ಡ ಪೆಟ್ಟು ಕೊಟ್ಟಿತು. ಆದರೆ ಅದಕ್ಕೂ ಮೊದಲೇ, 2010ರಿಂದ 2012ರ ಸುಗ್ಗಿಯಲ್ಲಿ, ತಾಳಿಕೆಗೆ ಮೀರಿ ಹಿಡಿದದ್ದು, ಮರಿಯನ್ನೂ ಮೊಟ್ಟೆ ಮೀನನ್ನೂ ಬಿಡದೆ ಹಿಡಿದದ್ದು ಸಂಸ್ಥೆಯ ಅಧ್ಯಯನಗಳಲ್ಲಿ ದಾಖಲಾಗಿದೆ. ಕೆಟ್ಟ ಹವೆ ಬಂದಾಗ ತಡೆದುಕೊಳ್ಳುವಷ್ಟು ಮೀನು ಕಡಲಲ್ಲಿ ಉಳಿದಿರಲಿಲ್ಲ.

ಬಲೆ ಹೇಗೆ ಬೆಳೆಯಿತು

ಕೇರಳದಲ್ಲಿ ಬೂತಾಯಿ ಹಿಡಿಯುವ ಮುಖ್ಯ ಬಲೆ ರಿಂಗ್ ಸೀನ್, ಮೀನಿನ ಗುಂಪನ್ನು ಸುತ್ತುವರಿದು ಹಿಡಿಯುವ ಸುತ್ತುಬಲೆ. ಕರ್ನಾಟಕದ ಪರ್ಸೀನ್ ಬಲೆಯ ತಮ್ಮ ಎನ್ನಬಹುದು. 1980ರ ದಶಕದಲ್ಲಿ ಇದು ಸಣ್ಣ ಮೀನುಗಾರರ ಕೈಗೆ ಬಂದಾಗ ಹೊರಎಂಜಿನ್ ಕಟ್ಟಿದ ದೋಣಿಯಿಂದ, ಕೈಯಲ್ಲೇ ಎಳೆಯುವ ಗಾತ್ರದ್ದಾಗಿತ್ತು. ಯಾಂತ್ರಿಕ ದೋಣಿಗಳಿಗೆ ಎದುರಾಗಿ ನಿಲ್ಲಲು ಬಡ ಮೀನುಗಾರರಿಗೆ ಸಿಕ್ಕ ಆಸರೆ ಅದು. ಮುಂದೆ ದೋಣಿ ಉದ್ದವಾಯಿತು, ಒಳಎಂಜಿನ್ ಬಂತು, ಬಲೆ ಎಳೆಯಲು ವಿಂಚ್ ಬಂತು, ಮೀನು ಹೊರಲು ಬೇರೆ ಕ್ಯಾರಿಯರ್ ದೋಣಿ ಬಂತು. ಒಂದು ಕಿಲೋಮೀಟರ್ ದಾಟಿದ ಬಲೆಗಳು ಬಂದವು.

ಉದ್ದದ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಬಲೆ ಮೀನಿನ ಗುಂಪನ್ನು ಸುತ್ತುವರಿದು ವೃತ್ತವಾಗುತ್ತದೆ. 600 ಮೀಟರ್ ಬಲೆ ಸುತ್ತುವ ಕಡಲು ಸುಮಾರು 7 ಎಕರೆ. 1,000 ಮೀಟರ್ ಬಲೆ ಸುತ್ತುವುದು ಸುಮಾರು 20 ಎಕರೆ. ಬಲೆಯ ಉದ್ದ ಮೂರನೇ ಎರಡರಷ್ಟು ಹೆಚ್ಚಿದರೆ ಹಿಡಿತದ ಜಾಗ ಹೆಚ್ಚುಕಡಿಮೆ ಮೂರು ಪಟ್ಟಾಗುತ್ತದೆ. ದೋಣಿಗಳ ಸಂಖ್ಯೆ ಎಣಿಸಿ 'ಹೆಚ್ಚಾಗಿಲ್ಲ' ಎನ್ನುವ ಕಡತಕ್ಕೆ ಈ ಬೆಳವಣಿಗೆ ಕಾಣುವುದೇ ಇಲ್ಲ. ಲೈಸೆನ್ಸ್ ಅದೇ, ದೋಣಿಯ ಹೆಸರು ಅದೇ, ಬಲೆ ಮಾತ್ರ ಬೇರೆ. ಉದ್ದಕ್ಕೂ ಆಳಕ್ಕೂ ಕೇರಳದ ನಿಯಮದಲ್ಲಿ ಮಿತಿಯಿದೆ. ಆದರೆ ದೋಣಿಯ ಮೇಲೆ ಗುಡ್ಡೆ ಬಿದ್ದ ಟನ್‌ಗಟ್ಟಲೆ ತೂಕದ ಬಲೆಯನ್ನು ದಕ್ಕೆಯಲ್ಲಿ ಬಿಡಿಸಿ ಅಳೆಯುವುದು ಯಾವ ಇನ್‌ಸ್ಪೆಕ್ಟರಿಗೂ ಅರ್ಧ ದಿನದ ಕೆಲಸ. ಅಳತೆ ನಡೆಯಬೇಕಾದದ್ದು ಬಲೆ ಹೊಲಿಯುವ ಅಂಗಳದಲ್ಲಿ, ತುಂಡುಗಳನ್ನು ಜೋಡಿಸುವ ಹೊತ್ತಿನಲ್ಲಿ.

ಬಲೆಯ ಕಣ್ಣಿನ ವಿಚಾರದಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ದೋಣಿಯ ಹಿಂದೆ ಎಳೆದುಕೊಂಡು ಹೋಗುವ ಟ್ರಾಲ್ ಬಲೆಯಲ್ಲಿ ಕಣ್ಣು ದೊಡ್ಡದು ಮಾಡಿದರೆ ಮರಿ ತಪ್ಪಿಸಿಕೊಳ್ಳುತ್ತದೆ. ಸುತ್ತುಬಲೆಯಲ್ಲಿ ಹಾಗಲ್ಲ. ಇಲ್ಲಿ ಕಣ್ಣು ಮೀನನ್ನು ಆರಿಸುವುದಿಲ್ಲ, ಗೋಡೆಯಂತೆ ನಿಲ್ಲುತ್ತದೆ. ಬೂತಾಯಿಗೆ ಸುಮಾರು 20 ಮಿಲಿಮೀಟರ್ ಕಣ್ಣು ಇಡುವುದೇ ಮೀನಿನ ತಲೆ ಕಣ್ಣಿನೊಳಗೆ ಸಿಕ್ಕಿಕೊಳ್ಳಬಾರದು ಎಂದು. ಅದೇ ಬಲೆ ಸಣ್ಣ ಮರಿಯ ಗುಂಪಿನ ಮೇಲೆ ಬಿದ್ದರೆ ಸಾವಿರಾರು ಮರಿ ಕಿವಿರಿನವರೆಗೆ ತೂರಿ ಸಿಕ್ಕಿಕೊಂಡು ಬಲೆ ಬೆಳ್ಳಗೆ ಹೊಳೆಯುತ್ತದೆ. ಒಂದೊಂದನ್ನೇ ಕೊಡವಿ ಬಿಡಿಸಲು ತಾಸುಗಟ್ಟಲೆ ಬೇಕು, ಬಲೆ ಹರಿಯುತ್ತದೆ, ಮೀನು ಮುದ್ದೆಯಾಗುತ್ತದೆ. ಈ ಕಿರಿಕಿರಿ ತಪ್ಪಿಸಲು ಕೆಲವರು ಇನ್ನೂ ಸಣ್ಣ ಕಣ್ಣಿನ ಬಲೆ ಇಡುತ್ತಾರೆ. ಹಾಗಾಗಿ ಕಣ್ಣಿನ ನಿಯಮವೊಂದನ್ನೇ ನಂಬಿ ಕೂತರೆ ಮರಿ ಉಳಿಯುವುದಿಲ್ಲ. ತೀರ್ಮಾನ ಬಲೆ ಬೀಸುವ ಮೊದಲೇ ಆಗಬೇಕು. ಸುತ್ತು ಕಟ್ಟಿ ತಳದ ಹಗ್ಗ ಬಿಗಿದ ಮೇಲೆ ಮೀನು ಒತ್ತೊತ್ತಾಗುತ್ತದೆ, ಹುರುಪೆ ಉದುರುತ್ತದೆ. ಆಮೇಲೆ ಬಿಟ್ಟರೂ ಬಹಳಷ್ಟು ಸಾಯುತ್ತವೆ.

ದೋಣಿಯ ಜಮಾಖರ್ಚು

ಮೀನು ಕಡಿಮೆಯಾದಾಗ ದೋಣಿ ಯಾಕೆ ನಿಲ್ಲುವುದಿಲ್ಲ ಎಂಬುದಕ್ಕೆ ಉತ್ತರ ದಿನದ ಲೆಕ್ಕದಲ್ಲಿದೆ. ಇಲ್ಲಿ ಕೊಡುವುದು ತೋರಿಸಲಿಕ್ಕಾಗಿ ಇಟ್ಟುಕೊಂಡ ಅಂಕಿ. ಪಾಲಿನ ಪ್ರಮಾಣ ಊರಿಂದೂರಿಗೆ, ದೋಣಿಯಿಂದ ದೋಣಿಗೆ ಬೇರೆ.

40 ಜನರ ದೋಣಿ ಎಂದುಕೊಳ್ಳಿ. ಡೀಸೆಲ್, ಐಸ್, ಊಟ, ಕ್ಯಾರಿಯರ್ ಸೇರಿ ದಿನದ ಖರ್ಚು 34,000 ರೂಪಾಯಿ. ಒಂದು ದಿನ 3 ಟನ್ ಬೂತಾಯಿ ಬಿತ್ತು, ಕಿಲೋಗೆ 40 ರೂಪಾಯಿ. ಒಟ್ಟು 1,20,000. ಏಲಂ ಕೂಗುವವರ ಕಮಿಷನ್ ಶೇ. 5, ಅಂದರೆ 6,000. ಖರ್ಚು ಕಳೆದರೆ 80,000. ಅದರಲ್ಲಿ ಅರ್ಧ ದೋಣಿಗೂ ಬಲೆಗೂ, ಅರ್ಧ ಜನರಿಗೆ. ತಲೆಗೆ 1,000 ರೂಪಾಯಿ. ಈಗ ಮೂರು ದಿನದಲ್ಲಿ ಒಂದು ದಿನ ಖಾಲಿ ಬಂತು ಎನ್ನಿ. ಖಾಲಿ ದಿನದ 34,000 ಮುಂದಿನ ಹಂಚಿಕೆಯಲ್ಲಿ ಕಳೆಯುತ್ತದೆ. ಮೂರು ದಿನಕ್ಕೆ ತಲೆಗೆ 1,575, ದಿನಕ್ಕೆ 525. ಒಂದೇ ಖಾಲಿ ದಿನ ಕೂಲಿಯನ್ನು ಹೆಚ್ಚುಕಡಿಮೆ ಅರ್ಧ ಮಾಡಿತು.

ದೋಣಿ ಹೊರಡಬೇಕೇ ಬೇಡವೇ ಎಂದು ದೋಣಿ ನಡೆಸುವ ತಂಡೇಲ ಯೋಚಿಸುವಾಗ ಸಾಲದ ಕಂತು ಆ ದಿನದ ಲೆಕ್ಕಕ್ಕೆ ಬರುವುದಿಲ್ಲ. ಹೋದರೂ ಕಟ್ಟಬೇಕು, ಹೋಗದಿದ್ದರೂ ಕಟ್ಟಬೇಕು. ನೋಡುವುದು ದಿನದ ಖರ್ಚು ಹುಟ್ಟುತ್ತದೆಯೇ ಎಂಬುದನ್ನು ಮಾತ್ರ. ಬೆಲೆ 40 ಇದ್ದಾಗ 900 ಕಿಲೋ ಸಿಕ್ಕರೆ ಖರ್ಚು ಹುಟ್ಟುತ್ತದೆ. ಬೆಲೆ 91 ಆದಾಗ 400 ಕಿಲೋ ಸಾಕು. ಮೀನು ವಿರಳವಾಗಿ ಬೆಲೆ ಏರಿದಾಗ, ಅರ್ಧಕ್ಕಿಂತ ಕಡಿಮೆ ಮೀನಿಗೂ ದೋಣಿ ಹೊರಡುತ್ತದೆ. ಅಂದರೆ ಮೀನಿಗೆ ವಿಶ್ರಾಂತಿ ಬೇಕಾದ ಹೊತ್ತಿನಲ್ಲೇ ಬೆಲೆ ದೋಣಿಯನ್ನು ಕಡಲಿಗೆ ತಳ್ಳುತ್ತದೆ. ಮಾರುಕಟ್ಟೆಯೇ ಸರಿಮಾಡುತ್ತದೆ ಎಂದು ಬಿಟ್ಟರೆ ಈ ಮೀನಿನ ವಿಷಯದಲ್ಲಿ ಆಗುವುದು ಇದೇ.

ಇದಕ್ಕೆ ಸಾಲ ಸೇರುತ್ತದೆ. ಬಲೆ, ಎಂಜಿನ್‌ಗೆ ಮುಂಗಡ ಕೊಟ್ಟವರೇ ಬಹಳ ಕಡೆ ಏಲಂ ಕೂಗುವವರೂ ಆಗಿರುತ್ತಾರೆ. ಅವರಿಗೆ ಬಡ್ಡಿಯ ಬದಲು ಪ್ರತಿ ದಿನದ ಮೀನಿನಲ್ಲಿ ಕಮಿಷನ್. ದೋಣಿ ನಿಂತರೆ ಅವರ ಕಮಿಷನ್ನೂ ನಿಲ್ಲುತ್ತದೆ, ಆದ್ದರಿಂದ ದೋಣಿ ನಿಲ್ಲುವುದು ಅವರಿಗೆ ಬೇಡ. ಕೇರಳ 2021ರಲ್ಲಿ ಮೀನು ಏಲಂ ಮತ್ತು ಮಾರಾಟಕ್ಕೆ ಕಾಯ್ದೆ ತಂದು ಕಮಿಷನ್ನಿಗೆ ಶೇ. 5ರ ಮಿತಿ ಹಾಕಿತು. ಒಳ್ಳೆಯ ಹೆಜ್ಜೆ. ಆದರೆ ಮುಂಗಡದ ಕಟ್ಟು ಬಿಚ್ಚದೆ ಕಮಿಷನ್ ಮಾತ್ರ ಇಳಿಸಿದರೆ ಮೀನುಗಾರ ಬೇರೆ ಕಡೆ ಮಾರುವ ಸ್ವಾತಂತ್ರ್ಯ ಪಡೆಯುವುದಿಲ್ಲ. ಬಲೆಯ ಸಾಲವನ್ನು ಸಹಕಾರಿ ಸಂಘ ವಹಿಸಿಕೊಂಡ ಕಡೆಯಲ್ಲೇ ಆ ಸ್ವಾತಂತ್ರ್ಯ ನಿಜವಾಗುವುದು.

ಮರಿ ಮೀನಿನ ಬೆಲೆ

10 ಸೆಂಟಿಮೀಟರ್ ಬೂತಾಯಿ ಸುಮಾರು 9 ಗ್ರಾಂ ತೂಗುತ್ತದೆ. 15 ಸೆಂಟಿಮೀಟರ್ ಆದಾಗ ಸುಮಾರು 30 ಗ್ರಾಂ. ಉದ್ದ ಒಂದೂವರೆ ಪಟ್ಟಾದರೆ ತೂಕ ಮೂರು ಪಟ್ಟಿಗೂ ಹೆಚ್ಚು. ಒಂದು ಟನ್ ಮರಿಯಲ್ಲಿ ಸುಮಾರು 1,11,000 ಮೀನಿರುತ್ತವೆ. ಅವನ್ನು ನಾಲ್ಕೈದು ತಿಂಗಳು ಬಿಟ್ಟರೆ, ನೂರಕ್ಕೆ ನಲವತ್ತು ದೊಡ್ಡ ಮೀನುಗಳ ಬಾಯಿಗೋ ರೋಗಕ್ಕೋ ಹೋದವು ಎಂದಿಟ್ಟುಕೊಂಡರೂ, ಉಳಿದ 66,600 ಮೀನು ತಲಾ 30 ಗ್ರಾಂನಂತೆ 2 ಟನ್ ಆಗುತ್ತವೆ. ಅದರಲ್ಲಿ ಅರ್ಧವೇ ಬಲೆಗೆ ಬಿದ್ದರೂ ಮೊದಲಿನಷ್ಟೇ ಒಂದು ಟನ್. ಮರಿಯನ್ನು ಫಿಶ್‌ಮೀಲಿಗೆ, ಅಂದರೆ ಮೀನಿನ ಪುಡಿ ಮಾಡಲು, ಕಿಲೋಗೆ 20 ರೂಪಾಯಿಗೆ ಕೊಟ್ಟಿದ್ದರೆ 20,000. ಬೆಳೆದ ಮೀನು ಊಟಕ್ಕೆ 80 ರೂಪಾಯಿಗೆ ಹೋದರೆ 80,000. ಉಳಿದ ಒಂದು ಟನ್ ಕಡಲಲ್ಲಿ ಮೊಟ್ಟೆ ಇಡುತ್ತದೆ.

ಈ ಲೆಕ್ಕ ಪ್ರತಿ ತಂಡೇಲನಿಗೂ ಗೊತ್ತು. ಆದರೂ ಬಿಡುವುದಿಲ್ಲ, ಏಕೆಂದರೆ ಬಿಟ್ಟ ಮೀನು ತನ್ನದಲ್ಲ. ಅರ್ಧ ಗಂಟೆಯಲ್ಲಿ ಪಕ್ಕದ ದೋಣಿ ಅದೇ ಗುಂಪಿನ ಮೇಲೆ ಬಲೆ ಹಾಕುತ್ತದೆ. ಒಬ್ಬನ ಸಂಯಮಕ್ಕೆ ಒಬ್ಬನೇ ದಂಡ ತೆರುವ ವ್ಯವಸ್ಥೆಯಲ್ಲಿ ಉಪದೇಶದಿಂದ ಏನೂ ಆಗದು.

ಮರಿಗೆ ಗಿರಾಕಿ ಇರುವುದು ಎರಡನೇ ಕಾರಣ. ಫಿಶ್‌ಮೀಲ್ ಕಾರ್ಖಾನೆಯಲ್ಲಿ ನಾಲ್ಕೈದು ಕಿಲೋ ಹಸಿ ಮೀನನ್ನು ಬೇಯಿಸಿ, ಹಿಂಡಿ, ಒಣಗಿಸಿದರೆ ಒಂದು ಕಿಲೋ ಪುಡಿ ಸಿಗುತ್ತದೆ, ಕೊಬ್ಬಿದ ಬೂತಾಯಿಯಾದರೆ ಎಣ್ಣೆಯೂ ಸಿಗುತ್ತದೆ. ಪುಡಿ ಸಿಗಡಿ, ಮೀನು, ಕೋಳಿಯ ಮೇವಾಗುತ್ತದೆ. ಕಾರ್ಖಾನೆಗೆ ಮೀನಿನ ಗಾತ್ರ ಮುಖ್ಯವಲ್ಲ. ಕರ್ನಾಟಕಕ್ಕೆ ಈ ಪ್ರಕರಣ ತಾಗುವುದು ಇಲ್ಲೇ: ಮಂಗಳೂರಿನಿಂದ ಉಡುಪಿವರೆಗಿನ ಕರಾವಳಿಯಲ್ಲಿ ಇಂಥ ಕಾರ್ಖಾನೆಗಳು ಸಾಲಾಗಿವೆ, ಕೇರಳದ ಮರಿ ಮೀನೂ ಲಾರಿಗಳಲ್ಲಿ ಗಡಿ ದಾಟಿ ಬಂದಿದೆ. ಕೇರಳ ತನ್ನ ದಕ್ಕೆಯಲ್ಲಿ ಎಷ್ಟು ಕಟ್ಟುನಿಟ್ಟಾದರೂ ಗಡಿಯಾಚೆ ಕೊಳ್ಳುವವರಿದ್ದರೆ ನಿಯಮ ಅರ್ಧ. ಕಾರ್ಖಾನೆಯ ತೂಕದ ಕಟ್ಟೆಯಲ್ಲೇ ಗಾತ್ರ ನೋಡುವ ಕಟ್ಟುಪಾಡು ಎರಡೂ ರಾಜ್ಯದಲ್ಲಿ ಒಂದೇ ರೀತಿ ಬರಬೇಕು. ನೂರಾರು ದೋಣಿ ಕಾಯುವುದಕ್ಕಿಂತ ಕೆಲವೇ ಕಾರ್ಖಾನೆಗಳ ಗೇಟು ಕಾಯುವುದು ಸುಲಭ.

ಊಟದ ಮೀನೂ ಕಾರ್ಖಾನೆಗೆ ಹೋಗುವುದು ಇನ್ನೊಂದು ಸೋರಿಕೆ. ಹೊಟ್ಟೆತುಂಬ ತಿಂದ ಬೂತಾಯಿಯ ಜೀರ್ಣರಸ ಸತ್ತ ಮೇಲೂ ಕೆಲಸ ನಿಲ್ಲಿಸುವುದಿಲ್ಲ. ಐಸ್ ಇಲ್ಲದೆ ಕೆಲವೇ ತಾಸು ಇಟ್ಟರೆ ಹೊಟ್ಟೆ ಒಡೆಯುತ್ತದೆ. ಕ್ಯಾರಿಯರ್ ದೋಣಿಯ ಹೊಟ್ಟೆಯಲ್ಲಿ ಮೀನನ್ನು ಸೊಂಟದೆತ್ತರ ಸುರಿದರೆ ಮೇಲಿನ ಪದರ ಬೆಳ್ಳಿಯಂತೆ ಇರುತ್ತದೆ, ಕೆಳಗಿನದು ಭಾರಕ್ಕೆ ಅಪ್ಪಚ್ಚಿಯಾಗಿ ಕೆಂಪು ನೀರು ಬಿಡುತ್ತದೆ. ಏಲಂನಲ್ಲಿ ಕೊಳ್ಳುವವರು ಬುಟ್ಟಿಯ ತಳಕ್ಕೆ ಕೈಹಾಕಿ ಒಂದು ಮೀನು ತೆಗೆದು ಹೊಟ್ಟೆ ಒತ್ತಿ ನೋಡುತ್ತಾರೆ. ಅಲ್ಲಿಗೆ ಬೆಲೆ ನಿರ್ಧಾರವಾಯಿತು. ಹಿಡಿದ ಕೂಡಲೇ 25 ಕಿಲೋದ ಕ್ರೇಟಿನಲ್ಲಿ, ಮೀನಿನಷ್ಟೇ ತೂಕದ ಪುಡಿ ಐಸಿನ ಜೊತೆ ಪದರ ಪದರವಾಗಿ ತುಂಬಿದರೆ ಈ ನಷ್ಟವಿಲ್ಲ. ಆದರೆ ಒಂದೇ ಬಾರಿಗೆ 8–10 ಟನ್ ಬಿದ್ದಾಗ ಕ್ರೇಟಿಗೆ ತುಂಬಲು ಯಾರಿಗೂ ಪುರುಸೊತ್ತಿಲ್ಲ, ಅಷ್ಟು ಐಸೂ ಇರುವುದಿಲ್ಲ.

ಇದ್ದ ನಿಯಮಗಳು ಎಲ್ಲಿ ಜಾರಿದವು

ಕೇರಳದಲ್ಲಿ ಮಳೆಗಾಲದ ಟ್ರಾಲಿಂಗ್ ನಿಷೇಧ 1988ರಿಂದ ಇದೆ. ಈಗ 52 ದಿನ, ಜುಲೈ 31ರವರೆಗೆ. ಇದು ಟ್ರಾಲ್ ದೋಣಿಗಳಿಗೆ. ತಳದ ಮೀನಿಗೂ ಸಿಗಡಿಗೂ ಇದರಿಂದ ಉಪಕಾರವಾಗಿದೆ. ಮೇಲ್ನೀರಿನ ಮೀನು ಹಿಡಿಯುವ ಸಾಂಪ್ರದಾಯಿಕ ಮೀನುಗಾರರ ಹಕ್ಕನ್ನು ಆ ದಿನಗಳಲ್ಲಿ ಕಾಪಾಡಲು 2007ರಲ್ಲಿ ಬೇರೆ ಕಾಯ್ದೆಯೇ ಬಂತು. ಅದರ ಉದ್ದೇಶ ನ್ಯಾಯವಾದದ್ದು. ಮಳೆಗಾಲದ ಒಂದೆರಡು ತಿಂಗಳೇ ಸಣ್ಣ ದೋಣಿಯವರ ವರ್ಷದ ಗಳಿಕೆಯ ದೊಡ್ಡ ಪಾಲು. ಆದರೆ ಬೂತಾಯಿ ಮೊಟ್ಟೆ ಇಡುವುದೂ ಆಗಲೇ. ಕೈಬಲೆಯ ದೋಣಿಗಾಗಿ ತೆರೆದ ಬಾಗಿಲಲ್ಲಿ ಒಳಎಂಜಿನ್ನಿನ ದೊಡ್ಡ ರಿಂಗ್ ಸೀನ್‌ಗಳೂ ಒಳಬಂದವು. 'ಸಾಂಪ್ರದಾಯಿಕ' ಎಂಬ ಪದಕ್ಕೆ ಎಂಜಿನ್ನಿನ ಶಕ್ತಿ ಮತ್ತು ಬಲೆಯ ಉದ್ದದ ಗೆರೆ ಎಳೆಯದೆ ಬಿಟ್ಟದ್ದೇ ದೊಡ್ಡ ತಪ್ಪು ಎಂಬುದು ನಮ್ಮ ಅಭಿಪ್ರಾಯ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನದ ನಿಷೇಧದಲ್ಲಿ 10 ಅಶ್ವಶಕ್ತಿಯ ಗೆರೆ ಇದೆ. ಅದಕ್ಕಿಂತ ದೊಡ್ಡ ಎಂಜಿನ್ ಇರುವ ದೋಣಿ ಹೋಗುವಂತಿಲ್ಲ. ಗೆರೆ ಎಳೆಯಲು ಸಾಧ್ಯ ಎಂಬುದಕ್ಕೆ ಇದು ಸಾಕ್ಷಿ.

2015ರಲ್ಲಿ ಕೇರಳ ಕನಿಷ್ಠ ಗಾತ್ರದ ನಿಯಮ ತಂದಿತು, ದೇಶದಲ್ಲಿ ಮೊದಲು. ಬೂತಾಯಿಗೆ 10 ಸೆಂಟಿಮೀಟರ್. ಮೊಟ್ಟೆಗೆ ಬರುವುದು 15ರ ಹತ್ತಿರ. ಹಾಗಾಗಿ ಈ ನಿಯಮ ಎಳೆಮರಿಯನ್ನು ಕಾಯುತ್ತದೆ, ಮೊಟ್ಟೆ ಇಡುವ ಅವಕಾಶವನ್ನು ಕಾಯುವುದಿಲ್ಲ. ಅದೂ ಜಾರಿಯಾಗುವುದು ದಕ್ಕೆಯಲ್ಲಿ, ಮೀನು ಸತ್ತ ಮೇಲೆ. ದಂಡ ಹಾಕಿ ಸತ್ತ ಮರಿಯನ್ನು ಮತ್ತೆ ಕಡಲಿಗೆ ಸುರಿಸಿದ ಪ್ರಸಂಗಗಳು ನಡೆದಿವೆ. ದಂಡದ ಭಯ ಮುಂದಿನ ಬಲೆಯನ್ನು ತಡೆಯಬಹುದು, ಸುರಿದ ಮೀನಂತೂ ಬದುಕುವುದಿಲ್ಲ.

ಇನ್ನು ಗಡಿಯ ಪ್ರಶ್ನೆ. ದಡದಿಂದ 12 ನಾಟಿಕಲ್ ಮೈಲಿವರೆಗೆ ರಾಜ್ಯದ್ದು, ಆಚೆ ಕೇಂದ್ರದ್ದು. ಸಮುದ್ರ ಮೀನುಗಾರಿಕೆ ನಿಯಂತ್ರಿಸುವ ಕೇರಳದ ಕಾಯ್ದೆ 1980ರದ್ದು, ಕರ್ನಾಟಕದ್ದು 1986ರದ್ದು. ಬೂತಾಯಿ ಇದರಲ್ಲಿ ಯಾವುದನ್ನೂ ಓದಿಲ್ಲ, ಕೊಲ್ಲಂನಿಂದ ಕಾರವಾರದಾಚೆಯವರೆಗೆ ಈಜುತ್ತದೆ.

ಮೀನು ಮರಳಿತು, ಆದರೆ

2022ರಲ್ಲಿ ಕೇರಳದ ಬೂತಾಯಿ ಒಂದು ಲಕ್ಷ ಟನ್ ದಾಟಿತು. 2023ರಲ್ಲಿ 1.38 ಲಕ್ಷ, 2024ರಲ್ಲಿ 1.49 ಲಕ್ಷ. 2020ರಿಂದ ಸತತ ಮೂರು ವರ್ಷ ಎಲ್ ನಿನೊಗೆ ವಿರುದ್ಧವಾದ, ಪೆಸಿಫಿಕ್ ತಣ್ಣಗಾಗುವ ಲಾ ನಿನಾ ಇತ್ತು. ಈ ಮರಳುವಿಕೆಗೆ ಯಾವ ನಿಯಮವೂ ಕಾರಣವೆಂದು ಹೇಳಿಕೊಳ್ಳುವಂತಿಲ್ಲ, ಏಕೆಂದರೆ ಕುಸಿತಕ್ಕೂ ಏರಿಕೆಗೂ ನಡುವೆ ಬದಲಾದ ನಿಯಮ ಬಹಳ ಕಡಿಮೆ.

2024ರ ಮಳೆಗಾಲದಲ್ಲಿ ಅಂಗಡಿಯಲ್ಲಿ ಕಿಲೋಗೆ 350–400 ರೂಪಾಯಿ ಇದ್ದ ಬೂತಾಯಿ, ಅದೇ ವರ್ಷದ ಕೊನೆಗೆ ಮರಿ ದಂಡಿಯಾಗಿ ದಡದ ಹತ್ತಿರ ಬಂದಾಗ 20–30ಕ್ಕೆ ಇಳಿಯಿತು. ಮಳೆ ಅನುಕೂಲವಾಗಿ ಮರಿ ವಿಪರೀತ ಉಳಿದುಕೊಂಡಿತ್ತು. ಆ ಮೀನು ಬೆಳೆಯದೆ ಸಣ್ಣದಾಗಿಯೇ ಉಳಿಯಿತು. ಮೇವಿಗೆ ಪೈಪೋಟಿ ಹೆಚ್ಚಿದ್ದೇ ಕಾರಣ ಎಂದು ಸಂಶೋಧಕರು ಗುರುತಿಸಿದರು. ಮೇಲೆ ಮಾಡಿದ ಮರಿಯ ಲೆಕ್ಕಕ್ಕೆ ಇದು ಮುಖ್ಯ ತಿದ್ದುಪಡಿ. ಮರಿ ವಿರಳವಾಗಿರುವ ವರ್ಷ ಬಿಟ್ಟ ಪ್ರತಿ ಮೀನೂ ಬೆಳೆದು ಬೆಲೆ ತರುತ್ತದೆ. ಮರಿ ಕಿಕ್ಕಿರಿದ ವರ್ಷ ಎಲ್ಲವನ್ನೂ ಬಿಟ್ಟರೂ ಎಲ್ಲವೂ 15 ಸೆಂಟಿಮೀಟರ್ ಮುಟ್ಟುವುದಿಲ್ಲ. ಎರಡೂ ವರ್ಷಕ್ಕೆ ಒಂದೇ ನಿಯಮ ಹೊಂದದು. ವರ್ಷ ನೋಡಿ ನಿಯಮ ಇಡಬೇಕು.

ಹೀಗೆ ಮಾಡುವ ದೇಶಗಳಿವೆ. ಪೆರುವಿನಲ್ಲಿ ಬೂತಾಯಿಯಂತೆ ಗುಂಪಾಗಿ ಈಜುವ ಸಣ್ಣ ಮೀನು ಆಂಚೊವೆಟಾಕ್ಕೆ ಪ್ರತಿ ಋತುವಿನ ಮೊದಲು ಶಬ್ದತರಂಗದಿಂದ ಕಡಲಿನ ಮೀನು ಅಳೆಯುತ್ತಾರೆ, ಆಮೇಲೆ ಒಟ್ಟು ಮಿತಿ ಘೋಷಿಸುತ್ತಾರೆ. 12 ಸೆಂಟಿಮೀಟರಿಗಿಂತ ಸಣ್ಣದು ಎಣಿಕೆಯಲ್ಲಿ ಶೇ. 10 ಮೀರಿದ ಜಾಗವನ್ನು ಕೆಲವು ದಿನ ಮುಚ್ಚುತ್ತಾರೆ. 2009ರಿಂದ ಪ್ರತಿ ದೋಣಿಗೂ ತನ್ನ ಪಾಲು ಗೊತ್ತಿರುವುದರಿಂದ ಪಕ್ಕದವನಿಗಿಂತ ಮೊದಲು ಬಾಚುವ ಓಟ ತಗ್ಗಿತು. 2023ರಲ್ಲಿ ಮರಿಯೇ ತುಂಬಿದ್ದರಿಂದ ಮೊದಲ ಋತುವನ್ನೇ ರದ್ದು ಮಾಡಿದರು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೂತಾಯಿಯ ಬಳಗದ ಅಲ್ಲಿನ ಸಾರ್ಡೀನ್ ಮೀನಿನ ಅಂದಾಜು 1.5 ಲಕ್ಷ ಟನ್ನಿಗಿಂತ ಕೆಳಗಿಳಿದಾಗ ಮುಖ್ಯ ಮೀನುಗಾರಿಕೆ ತಾನಾಗಿ ನಿಲ್ಲುತ್ತದೆ ಎಂಬ ನಿಯಮ ಮೊದಲೇ ಇತ್ತು, 2015ರಿಂದ ನಿಂತೇ ಇದೆ. ನಿಲ್ಲಿಸಬೇಕೇ ಬೇಡವೇ ಎಂಬ ಜಗಳ ಮೀನು ಮುಗಿದ ಮೇಲೆ ಶುರುವಾಗಲಿಲ್ಲ.

ಪೆರುವಿನ ಪಾಲುಪದ್ಧತಿಯನ್ನು ಇಲ್ಲಿಗೆ ಹಾಗೇ ತರಲು ಆಗದು. ಅಲ್ಲಿ ಕೈಗಾರಿಕೆಯ ದೊಡ್ಡ ಹಡಗುಗಳು, ಇಲ್ಲಿ ನಲವತ್ತು ಮನೆಯ ಅನ್ನ ಒಂದು ದೋಣಿಯಲ್ಲಿ. ಪಾಲು ಮಾರಬಹುದಾದ ಆಸ್ತಿಯಾದರೆ ನಾಲ್ಕೇ ವರ್ಷದಲ್ಲಿ ಅದು ಮುಂಗಡ ಕೊಟ್ಟವರ ಕೈಯಲ್ಲಿರುತ್ತದೆ. ಇಲ್ಲಿಗೆ ಹೊಂದುವುದು ದೋಣಿಗೊಂದು ದಿನದ ಮಿತಿ, ಕ್ರೇಟಿನ ಲೆಕ್ಕದಲ್ಲಿ. 120 ಕ್ರೇಟು ಎಂದರೆ 3 ಟನ್, ಅದಕ್ಕೆ ಮೇಲೆ ಏಲಂ ಇಲ್ಲ. ತೂಕದ ಕಟ್ಟೆ ಬೇಡ, ಕ್ರೇಟು ಎಣಿಸಿದರೆ ಆಯಿತು. ವರ್ಷದ ಒಟ್ಟು ಬೆಲೆ ಇದರಿಂದ ಬಹಳ ಏರದು. ಆದರೆ ಐಸಿಗೆ ಮೀರಿದ ಮೀನು ಒಂದೇ ಬೆಳಿಗ್ಗೆ ಬಂದು ಬಿದ್ದು 20 ರೂಪಾಯಿಗೆ ಕಾರ್ಖಾನೆ ಸೇರುವುದು ತಪ್ಪುತ್ತದೆ, ಮತ್ತು ಕಿಲೋಮೀಟರ್ ಉದ್ದದ ಬಲೆ ಹೊಲಿಸುವ ಆಸೆಯೇ ಕುಗ್ಗುತ್ತದೆ. 3 ಟನ್ ಹಿಡಿಯಲು ಅಷ್ಟು ಬಲೆ ಯಾಕೆ?

ಮಿತಿಯ ಸಂಖ್ಯೆಯನ್ನು ಮಾತ್ರ ಪ್ರತಿ ವರ್ಷ ಬದಲಿಸಬೇಕು, ಅದಕ್ಕೆ ದುಬಾರಿ ಯಂತ್ರ ಬರುವವರೆಗೆ ಕಾಯಬೇಕಿಲ್ಲ. ಕೊಲ್ಲಂನಿಂದ ಮಲ್ಪೆವರೆಗೆ ಆರಿಸಿದ ದಕ್ಕೆಗಳಲ್ಲಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ವಾರಕ್ಕೆರಡು ಬಾರಿ, ಬುಟ್ಟಿಯ ಮೇಲಿನಿಂದಲ್ಲ, ನಡುವಿನಿಂದ ಒಂದು ಕಿಲೋ ತೆಗೆದು ಮೀನು ಎಣಿಸಬೇಕು. ಕಿಲೋಗೆ 35ರ ಆಸುಪಾಸು ಬಂದರೆ 15 ಸೆಂಟಿಮೀಟರ್ ಮೀನು, 110 ಬಂದರೆ 10 ಸೆಂಟಿಮೀಟರ್ ಮರಿ. ಜೊತೆಗೆ ಅಂದು ದೋಣಿಗೆ ಎಷ್ಟು ಸಿಕ್ಕಿತು, ಎಷ್ಟು ದೋಣಿ ಖಾಲಿ ಬಂದವು ಎಂದು ಒಂದು ಪುಸ್ತಕದಲ್ಲಿ ಬರೆಯಬೇಕು. ಎಣಿಕೆ 110ರ ಹತ್ತಿರವಿದ್ದು ಖಾಲಿ ದೋಣಿಯೂ ಹೆಚ್ಚಿದ್ದರೆ ಆ ವರ್ಷ ಮರಿ ವಿರಳ, ಮಿತಿ 40 ಕ್ರೇಟಿಗೆ ಇಳಿಯಬೇಕು, ನಿಂತ ದಿನಗಳಿಗೆ ಪರಿಹಾರ ಆಗಲೇ ಶುರುವಾಗಬೇಕು. ಎಣಿಕೆ 110 ಇದ್ದೂ ಎಲ್ಲ ದೋಣಿ ತುಂಬಿ ಬರುತ್ತಿದ್ದರೆ ಕಡಲು ಕಿಕ್ಕಿರಿದಿದೆ, 120 ಬಿಡಬಹುದು. ಈ ಪುಸ್ತಕ ಬರೆಯಬೇಕಾದವರು ಏಲಂ ಕಟ್ಟೆಯಲ್ಲಿ ಬೆಳಗಿನ ಐದಕ್ಕೇ ನಿಂತಿರುವ ಸಂಘದವರು. ಎರಡೂ ರಾಜ್ಯದ ಇಲಾಖೆ ನವೆಂಬರ್ ಮೊದಲ ವಾರ ಒಂದೇ ಮೇಜಿನಲ್ಲಿ ಕೂತು ಆ ಪುಸ್ತಕ ನೋಡಿ, ಒಂದೇ ಸಂಖ್ಯೆ ಹೊರಡಿಸಬೇಕು.